ಪೆಟ್ಟಿಗೆ ಮಾರಿದ ಬಾಕಿಗೆ ಯಾವ ಕಾನೂನು: ಸಿವಿಲ್ಲೋ, ಕಮರ್ಷಿಯಲ್ಲೋ?

ಪ್ರಶ್ನೆ: ನಾನು ಮತ್ತು ನನ್ನ ತಮ್ಮ ಪಾಲುದಾರಿಕೆಯಲ್ಲಿ ದಾವಣಗೆರೆಯಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಘಟಕ ನಡೆಸುತ್ತೇವೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇದೆ, ಜಿಎಸ್‌ಟಿ ಇದೆ. ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರಿಗೆ ಒಟ್ಟು 9.6 ಲಕ್ಷ ರೂಪಾಯಿಯ ಪೆಟ್ಟಿಗೆ ಕಳಿಸಿದೆವು. ಆರ್ಡರ್ ಎಲ್ಲ ಫೋನ್ ಮತ್ತು ವಾಟ್ಸಾಪ್‌ನಲ್ಲೇ. ಬಿಲ್ಲಿನ ಕೆಳಗೆ ‘30 ದಿನ ಉದ್ರಿ, ತಡವಾದರೆ ವರ್ಷಕ್ಕೆ ಶೇ 24 ಬಡ್ಡಿ’ ಎಂದು ಅಚ್ಚಾಗಿದೆ. 3 ಲಕ್ಷ ಬಂದಿದೆ, 6.6 ಲಕ್ಷ ಬಾಕಿ. ಕೊನೆಯ ಲೋಡ್ ಹೋಗಿ ಎರಡು ವರ್ಷ ದಾಟಿತು. ಈಗ ‘ಪೆಟ್ಟಿಗೆ ತೇವ ಹಿಡಿದಿತ್ತು’ ಅನ್ನುತ್ತಿದ್ದಾರೆ. ಬೆನ್ನು ಬಿದ್ದು ಕೇಳಿದ ಮೇಲೆ ನಮ್ಮ ಫರ್ಮ್ ಹೆಸರಿಗೆ 2 ಲಕ್ಷದ ಚೆಕ್ ಕೊಟ್ಟರು, ಅದು ಕಳೆದ ವಾರ ವಾಪಸ್ ಬಂತು. ಇದಲ್ಲದೆ ಅವರ ಮಗಳ ಮದುವೆಗೆಂದು ನನ್ನ ಸ್ವಂತ ದುಡ್ಡಿನಲ್ಲಿ 2 ಲಕ್ಷ ಕೈಗಡ ಕೊಟ್ಟಿದ್ದೆ, ಬ್ಯಾಂಕ್ ಮೂಲಕ. ಒಬ್ಬ ವಕೀಲರು ಸಿವಿಲ್ ದಾವೆ ಹಾಕಿ ಅಂದರು. ಇನ್ನೊಬ್ಬರು ಇದು ಕಮರ್ಷಿಯಲ್ ಕೋರ್ಟಿನ ಕೇಸು ಅಂದರು. ನಮ್ಮ ಆಡಿಟರು ಎಂಎಸ್‌ಎಂಇ ಕೌನ್ಸಿಲ್‌ಗೆ ಹೋಗಿ ಅಂತಾರೆ. ನಮ್ಮ ಒಪ್ಪಂದಕ್ಕೆ ಯಾವ ಕಾನೂನು ಅನ್ವಯಿಸುತ್ತದೆ? ಸಿವಿಲ್ ಕಾನೂನು ಒಂದು ಹೇಳಿ, ವಾಣಿಜ್ಯ ಕಾನೂನು ಇನ್ನೊಂದು ಹೇಳಿದರೆ ಯಾವುದು ಗೆಲ್ಲುತ್ತದೆ? ಕೈಗಡವನ್ನೂ ಅದೇ ಕೇಸಿನಲ್ಲಿ ಸೇರಿಸಬಹುದಾ?

ಉತ್ತರ: ನಿಮಗೆ ಸಲಹೆ ಕೊಟ್ಟ ಮೂವರಲ್ಲಿ ಯಾರೂ ಪೂರ್ತಿ ತಪ್ಪು ಹೇಳಿಲ್ಲ. ಒಬ್ಬೊಬ್ಬರು ನಿಮ್ಮ ವ್ಯವಹಾರದ ಒಂದೊಂದು ತುದಿ ಹಿಡಿದು ಮಾತಾಡಿದ್ದಾರೆ. ಅದನ್ನು ಬಿಡಿಸುವ ಮೊದಲು ಚೆಕ್ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಅಲ್ಲಿ ದಿನದ ಲೆಕ್ಕ ಆಗಲೇ ಶುರುವಾಗಿದೆ.

ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ನಿಮಗೆ ಸಿಕ್ಕ ಮೇಲೆ 30 ದಿನದೊಳಗೆ ಲಿಖಿತ ನೋಟಿಸ್ ಕಳಿಸಬೇಕು. ನೋಟಿಸ್ ಅವರ ಕೈಸೇರಿದ ಮೇಲೆ ಹಣ ಕೊಡಲು 15 ದಿನ ಅವಕಾಶ. ಅಷ್ಟರಲ್ಲಿ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ದೂರು. ಇದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರ ದಾರಿ. ನೋಟಿಸಿನಲ್ಲಿ ಚೆಕ್ಕಿನ ಮೊತ್ತ 2 ಲಕ್ಷವನ್ನು ಸ್ಪಷ್ಟವಾಗಿ ಕೇಳಿ. ಉಳಿದ ಬಾಕಿ, ಬಡ್ಡಿ, ಕೈಗಡ ಎಲ್ಲವನ್ನೂ ಅದರಲ್ಲೇ ತುರುಕಿ ಗೊಂದಲ ಮಾಡಬೇಡಿ. ಅವುಗಳಿಗೆ ಬೇರೆ ನೋಟಿಸ್ ಕೊಡಿ. ಬ್ಯಾಂಕ್ ಕೊಟ್ಟ ರಿಟರ್ನ್ ಮೆಮೊ, ಪೋಸ್ಟಿನ ರಸೀದಿ, ಮುಟ್ಟಿದ ದಾಖಲೆ ಮೂರನ್ನೂ ಒಂದೇ ಫೈಲಿನಲ್ಲಿಡಿ. ಈ ದೂರು ಹಾಕಿದ್ದೀರಿ ಅಂತ ಬಾಕಿ ವಸೂಲಿಯ ದಾರಿ ಮುಚ್ಚುವುದಿಲ್ಲ. ಎರಡೂ ಒಟ್ಟಿಗೆ ನಡೆಯಬಹುದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಸಿವಿಲ್ ಕಾನೂನು ಮತ್ತು ವಾಣಿಜ್ಯ ಕಾನೂನು ಅಂತ ಒಪ್ಪಂದಕ್ಕೆ ಎರಡು ಬೇರೆ ಕಾನೂನು ಇದೆಯಾ?

ಕೆಲವು ದೇಶಗಳಲ್ಲಿ ಹೌದು. ಫ್ರಾನ್ಸಿನಲ್ಲಿ 1804ರಲ್ಲಿ ಸಿವಿಲ್ ಸಂಹಿತೆ ಬಂತು, 1807ರಲ್ಲಿ ವಾಣಿಜ್ಯ ಸಂಹಿತೆ ಬೇರೆಯಾಗಿ ಬಂತು. ಅಲ್ಲಿನ ವಾಣಿಜ್ಯ ಕೋರ್ಟುಗಳಲ್ಲಿ ವ್ಯಾಪಾರಿಗಳ ನಡುವಿನಿಂದಲೇ ಆಯ್ಕೆಯಾದವರು ನ್ಯಾಯಾಧೀಶರಾಗಿ ಕೂರುತ್ತಾರೆ. ಜರ್ಮನಿಯಲ್ಲಿ ಸಿವಿಲ್ ಸಂಹಿತೆ ಮತ್ತು ವಾಣಿಜ್ಯ ಸಂಹಿತೆ ಎರಡೂ 1900ರ ಜನವರಿ 1ರಂದು ಜಾರಿಗೆ ಬಂದವು. ಜರ್ಮನಿಯ ಮಟ್ಟಿಗೆ ನೀವು ‘ವ್ಯಾಪಾರಿ’ ಹೌದೋ ಅಲ್ಲವೋ ಅನ್ನುವುದೇ ದೊಡ್ಡ ವಿಷಯ. ಇಬ್ಬರು ವ್ಯಾಪಾರಿಗಳ ನಡುವಿನ ಮಾರಾಟದಲ್ಲಿ ಮಾಲು ಬಂದ ಕೂಡಲೇ ಕೊಂಡವನು ತಪಾಸಣೆ ಮಾಡಿ ದೋಷ ಇದ್ದರೆ ತಡಮಾಡದೆ ತಿಳಿಸಬೇಕು. ಸುಮ್ಮನಿದ್ದರೆ ಒಪ್ಪಿಕೊಂಡಂತೆ. ಅದೇ ಪೆಟ್ಟಿಗೆಯನ್ನು ಮನೆ ಬದಲಾಯಿಸುವ ಸಾಮಾನ್ಯ ಮನುಷ್ಯ ಕೊಂಡಿದ್ದರೆ ಅವನಿಗೆ ಆ ಬಿಗಿ ನಿಯಮ ಇಲ್ಲ. ಇಟಲಿ 1942ರಲ್ಲಿ ಎರಡನ್ನೂ ಸೇರಿಸಿ ಒಂದೇ ಸಂಹಿತೆ ಮಾಡಿಕೊಂಡಿತು.

ನಮ್ಮ ದೇಶದ ದಾರಿ ಬೇರೆ. ಇಂಗ್ಲೆಂಡಿನಲ್ಲಿ 18ನೇ ಶತಮಾನದಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದ ಲಾರ್ಡ್ ಮ್ಯಾನ್ಸ್‌ಫೀಲ್ಡ್ ವ್ಯಾಪಾರಿಗಳ ರೂಢಿಯನ್ನು ಸಾಮಾನ್ಯ ಕಾನೂನಿನೊಳಕ್ಕೇ ತಂದು ಸೇರಿಸಿದ್ದರು. ಆ ಪರಂಪರೆಯಲ್ಲಿ ಬಂದ ನಮ್ಮ 1872ರ ಒಪ್ಪಂದ ಕಾಯ್ದೆ ವ್ಯಾಪಾರಿ, ರೈತ, ಸಂಬಳದಾರ ಅಂತ ಭೇದ ಮಾಡಲಿಲ್ಲ. ಮನೆ ಬಾಡಿಗೆಯ ಕರಾರಿಗೂ, ಹಡಗಿನ ಸರಕಿನ ಕರಾರಿಗೂ ಅದೇ ಕಾಯ್ದೆ.

ಆ ಕಾಯ್ದೆಯ ಪುಸ್ತಕ ಎಲ್ಲಾದರೂ ಸಿಕ್ಕರೆ ತೆರೆದು ನೋಡಿ. ಸೆಕ್ಷನ್ 75 ಆದ ಮೇಲೆ ನೇರ 124 ಬರುತ್ತದೆ. ನಡುವಿನದು ಅಚ್ಚಿನ ತಪ್ಪಲ್ಲ. 76ರಿಂದ 123ರವರೆಗೆ ಸರಕು ಮಾರಾಟದ ನಿಯಮಗಳಿದ್ದವು. ಅವನ್ನು ತೆಗೆದು 1930ರಲ್ಲಿ ಸರಕು ಮಾರಾಟ ಕಾಯ್ದೆ ಅಂತ ಬೇರೆ ಮಾಡಿದರು. ಹಾಗೆಯೇ 239ರಿಂದ 266ರವರೆಗೆ ಇದ್ದ ಪಾಲುದಾರಿಕೆಯ ನಿಯಮಗಳು 1932ರ ಪಾಲುದಾರಿಕೆ ಕಾಯ್ದೆಯಾದವು. ಅಂದರೆ ನಾವು ಇವತ್ತು ‘ವಾಣಿಜ್ಯ ಕಾನೂನು’ ಅಂತ ಕರೆಯುವುದರಲ್ಲಿ ದೊಡ್ಡ ಪಾಲು ಒಪ್ಪಂದ ಕಾಯ್ದೆಯ ಹೊಟ್ಟೆಯಿಂದಲೇ ಬಂದದ್ದು. ಪಾಲು ಆಗಿ ಬೇರೆ ಮನೆ ಮಾಡಿಕೊಂಡ ಅಣ್ಣ ತಮ್ಮಂದಿರ ಹಾಗೆ, ಮನೆ ಬೇರೆ, ಬೇರು ಒಂದೇ.

ಬೇರೆ ಮಾಡುವಾಗಲೇ ಇಬ್ಬರ ಸಂಬಂಧ ಏನು ಅಂತಲೂ ಬರೆದಿಟ್ಟರು. ಸರಕು ಮಾರಾಟ ಕಾಯ್ದೆಯ ಸೆಕ್ಷನ್ 3 ಓದಿ. ಈ ಕಾಯ್ದೆ ಸ್ಪಷ್ಟವಾಗಿ ಹೇಳಿದ್ದಕ್ಕೆ ವಿರುದ್ಧ ಆಗದಷ್ಟರ ಮಟ್ಟಿಗೆ ಒಪ್ಪಂದ ಕಾಯ್ದೆಯ ಉಳಿದ ನಿಯಮಗಳು ಸರಕು ಮಾರಾಟಕ್ಕೂ ಅನ್ವಯಿಸುತ್ತವೆ ಅನ್ನುವುದು ಅದರ ತಿರುಳು. ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 3 ಕೂಡ ಇದನ್ನೇ ಹೇಳುತ್ತದೆ. ‘ಯಾವುದು ಗೆಲ್ಲುತ್ತದೆ’ ಅಂತ ಕೇಳಿದಿರಲ್ಲ, ಉತ್ತರ ಇಲ್ಲಿದೆ. ವಿಶೇಷ ಕಾಯ್ದೆ ಬಾಯಿ ಬಿಟ್ಟು ಹೇಳಿದ ಕಡೆ ಅದೇ ಮೇಲು. ಅದು ಸುಮ್ಮನಿರುವ ಕಡೆ ಒಪ್ಪಂದ ಕಾಯ್ದೆ ವಾಪಸ್ ಬರುತ್ತದೆ. ವ್ಯಾಪಾರದ ವಿಷಯ ಅಂದ ಮಾತ್ರಕ್ಕೆ 1872ರ ಕಾಯ್ದೆ ಎಲ್ಲಿಗೂ ಹೋಗುವುದಿಲ್ಲ. ಇಷ್ಟು ತಲೆಯಲ್ಲಿ ಕೂತರೆ ನಿಮ್ಮ ಕೇಸಿನ ಬಹುಪಾಲು ಗೋಜಲು ಬಿಡುತ್ತದೆ.

ನಿಮ್ಮ ವ್ಯವಹಾರದ ಮೇಲೇ ಹಾಕಿ ನೋಡೋಣ.

ಒಪ್ಪಂದವೇ ಆಗಿಲ್ಲ, ಬರವಣಿಗೆಯಲ್ಲಿ ಏನಿದೆ ಅಂತ ಅವರು ನಾಳೆ ಕೇಳಬಹುದು. ಬರವಣಿಗೆ ಬೇಕೇ ಬೇಕು ಅಂತ ಇಲ್ಲಿ ಯಾವ ಕಾನೂನೂ ಹೇಳುವುದಿಲ್ಲ. ಒಪ್ಪಂದ ಕಾಯ್ದೆಯ ಸೆಕ್ಷನ್ 10ರ ಪ್ರಕಾರ ಯೋಗ್ಯತೆ ಇರುವ ಇಬ್ಬರು ಸ್ವಂತ ಮನಸ್ಸಿನಿಂದ ಒಪ್ಪಿ, ಪ್ರತಿಫಲ (ಕೊಟ್ಟದ್ದಕ್ಕೆ ಬದಲಾಗಿ ಸಿಗುವುದು) ಇದ್ದು, ಉದ್ದೇಶ ಕಾನೂನುಬದ್ಧವಾಗಿದ್ದರೆ ಸಾಕು. ಸರಕು ಮಾರಾಟ ಕಾಯ್ದೆಯ ಸೆಕ್ಷನ್ 5 ಇನ್ನೂ ಬಿಡಿಸಿ ಹೇಳುತ್ತದೆ: ಮಾತಿನಲ್ಲಿ ಆಗಬಹುದು, ಬರವಣಿಗೆಯಲ್ಲಿ ಆಗಬಹುದು, ಅರ್ಧ ಅರ್ಧ ಆಗಬಹುದು, ನಡವಳಿಕೆಯಿಂದಲೂ ಆಗಬಹುದು. ವಾಟ್ಸಾಪ್ ಆರ್ಡರ್ ಎಲೆಕ್ಟ್ರಾನಿಕ್ ರೂಪದಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವ ಹಾಗಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 10ಎ ಇದಕ್ಕೇ ಇದೆ. ಕೋರ್ಟಿನಲ್ಲಿ ಹಾಜರುಪಡಿಸುವಾಗ ಮಾತ್ರ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಆ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತಗೋಬೇಡಿ.

‘ಆರ್ಡರ್ ಕೊಟ್ಟವನು ನಾನಲ್ಲ, ಅಂಗಡಿಯ ಹುಡುಗ’ ಅಂತ ಅವರು ಹೇಳಿದರೆ? ಏಜೆಂಟ್ ಮಾಡಿದ್ದು ಯಜಮಾನನಿಗೆ ಯಾವಾಗ ಅಂಟುತ್ತದೆ ಅನ್ನುವುದಕ್ಕೆ ಸರಕು ಮಾರಾಟ ಕಾಯ್ದೆಯಲ್ಲಿ ಪೂರ್ತಿ ಉತ್ತರ ಸಿಗುವುದಿಲ್ಲ. ಒಪ್ಪಂದ ಕಾಯ್ದೆಯ 182ರಿಂದ 238ರವರೆಗೆ ಹೋಗಬೇಕು. ಮೋಸದಿಂದ ಒಪ್ಪಿಸಿದರು, ಬಲವಂತ ಮಾಡಿದರು ಅನ್ನುವ ತಕರಾರಿಗೂ ಅಲ್ಲಿಗೇ. ಮೂಲ ಕಾನೂನು ವಾಪಸ್ ಬರುತ್ತದೆ ಅಂದದ್ದು ಇದನ್ನೇ.

ತೇವ ಹಿಡಿದ ಪೆಟ್ಟಿಗೆಯ ವಿಷಯಕ್ಕೆ ಬಂದರೆ ವಿಶೇಷ ಕಾಯ್ದೆ ಜೋರಾಗಿಯೇ ಮಾತಾಡುತ್ತದೆ. ಮಾಲನ್ನು ಪರೀಕ್ಷಿಸಲು ಕೊಂಡವನಿಗೆ ಅವಕಾಶ ಕೊಡಬೇಕು, ಅದು ಸೆಕ್ಷನ್ 41. ಆದರೆ ಸೆಕ್ಷನ್ 42 ನೋಡಿ. ಒಪ್ಪಿದೆ ಅಂತ ಹೇಳಿದರೆ ಮಾಲು ಒಪ್ಪಿದ ಹಾಗೆ. ಮಾರಿದವನ ಒಡೆತನಕ್ಕೆ ಹೊಂದದ ರೀತಿ ಅದನ್ನು ಬಳಸಿದರೂ ಒಪ್ಪಿದ ಹಾಗೆ. ಬೇಡ ಅನ್ನದೆ ನ್ಯಾಯವಾದ ಅವಧಿ ದಾಟಿ ಇಟ್ಟುಕೊಂಡರೂ ಒಪ್ಪಿದ ಹಾಗೆ. ನಿಮ್ಮ ಗಿರಾಕಿ ಪೆಟ್ಟಿಗೆಯಲ್ಲಿ ಬೀಜದ ಪ್ಯಾಕೆಟ್ ತುಂಬಿ ಊರೂರಿಗೆ ಕಳಿಸಿದ್ದಾರೆ, ಅಲ್ವಾ? ಹಾಗಿದ್ದರೆ ಮಾಲು ವಾಪಸ್ ಅನ್ನುವ ಬಾಗಿಲು ಮುಚ್ಚಿತು. ನಿಜವಾಗಿ ದೋಷ ಇದ್ದರೆ ಸೆಕ್ಷನ್ 59ರಡಿ ಬೆಲೆ ಇಳಿಸಿ ಅಂತ ಅಥವಾ ನಷ್ಟ ಕೊಡಿ ಅಂತ ಕೇಳಬಹುದು. ಎಷ್ಟು ಪೆಟ್ಟಿಗೆ ಕೆಟ್ಟಿತ್ತು, ಎಷ್ಟು ನಷ್ಟ ಆಯಿತು ಅಂತ ಅವರೇ ಸಾಬೀತು ಮಾಡಬೇಕು.

ಇಲ್ಲಿ ನಿಮ್ಮ ಡೆಲಿವರಿ ಚಲನ್‌ಗೆ ಬಹಳ ಬೆಲೆ ಇದೆ. ಇಂಥ ಕೇಸುಗಳಲ್ಲಿ ನಾನು ಮೊದಲು ಕೇಳುವ ಕಾಗದ ಅದೇ. ಬಿಲ್ಲು ನೀವು ಕಂಪ್ಯೂಟರಿನಲ್ಲಿ ಮಾಡಿದ್ದು. ಚಲನ್ ಮೇಲೆ ಮಾತ್ರ ಅವರ ಕಡೆಯವರ ಕೈಬರಹ ಇರುತ್ತದೆ. ಒಂದು ಕೇಸಿನಲ್ಲಿ ಗೋಡೌನಿನವನು ಅಂಗಡಿಯ ಸೀಲ್ ಒತ್ತಿ, ಸಹಿ ಮಾಡಿ, ಪಕ್ಕದಲ್ಲಿ ಬಾಲ್‌ಪೆನ್ನಿನಲ್ಲಿ ‘2 ಬಂಡಲ್ ಕಮ್ಮಿ’ ಅಂತ ಬರೆದಿದ್ದ. ಆ ಮೂರು ಪದ ನಮ್ಮ ಕಕ್ಷಿದಾರರಿಗೆ ಎರಡು ಬಂಡಲ್ ಹಣ ಕಳೆದರೂ ಉಳಿದ ಅಷ್ಟೂ ಬಾಕಿಗೆ ಆಧಾರವಾಯಿತು. ಎಣಿಸಿ ನೋಡಿದ್ದಾನೆ, ಕಮ್ಮಿ ಇದ್ದದ್ದನ್ನು ಬರೆದಿದ್ದಾನೆ, ತೇವದ ಬಗ್ಗೆ ಬರೆದಿಲ್ಲ. ನಿಮ್ಮ ಎಲ್ಲ ಚಲನ್ ತೆಗೆದು ಒಂದೊಂದರ ಹಿಂದೆ ಮುಂದೆ ನೋಡಿ.

ಎರಡು ಕಾನೂನಿನ ವ್ಯತ್ಯಾಸ ದುಡ್ಡಿನಲ್ಲಿ ಕಾಣುವ ಇನ್ನೊಂದು ಜಾಗ ನೀವು ಏನನ್ನು ಕೇಳುತ್ತೀರಿ ಅನ್ನುವುದರಲ್ಲಿದೆ. ಒಪ್ಪಂದ ಮುರಿದರೆ ಸಾಮಾನ್ಯ ಪರಿಹಾರ ಒಪ್ಪಂದ ಕಾಯ್ದೆಯ ಸೆಕ್ಷನ್ 73ರ ನಷ್ಟ ಪರಿಹಾರ. ಅಲ್ಲಿ ಎಷ್ಟು ನಷ್ಟ ಆಯಿತು ಅಂತ ನೀವು ತೋರಿಸಬೇಕು. ಆದರೆ ಮಾಲಿನ ಒಡೆತನ ಕೊಂಡವನಿಗೆ ದಾಟಿದ ಮೇಲೆ ಸರಕು ಮಾರಾಟ ಕಾಯ್ದೆಯ ಸೆಕ್ಷನ್ 55 ನಿಮಗೆ ಬೆಲೆಯನ್ನೇ ಕೇಳುವ ಹಕ್ಕು ಕೊಡುತ್ತದೆ. ನಷ್ಟದ ಲೆಕ್ಕ ಬೇಡ, ಮಾಲು ಕೊಟ್ಟೆ, ಬೆಲೆ ಕೊಡಿ. ನಿಮ್ಮದು ಈ ಜಾತಿಯ ಕೇಸು. ಅವರು ಆರ್ಡರ್ ಕೊಟ್ಟು ಮಾಲನ್ನು ಇಳಿಸಿಕೊಳ್ಳದೇ ಹೋಗಿದ್ದರೆ ಕಥೆ ಬೇರೆ, ಆಗ ಸೆಕ್ಷನ್ 56ರಡಿ ನಷ್ಟ ಕೇಳಬೇಕಿತ್ತು, ಅದರ ಅಳತೆಗೆ ಮತ್ತೆ 73ಕ್ಕೆ ಹೋಗಬೇಕಿತ್ತು. ದಾವೆ ಬರೆಸುವಾಗ ‘ನಷ್ಟ ಪರಿಹಾರ’ ಅಂತ ಬರೆಸದೆ ‘ಮಾರಿದ ಮಾಲಿನ ಬೆಲೆ’ ಅಂತ ಬರೆಸಿ.

ಇನ್ನು ನಿಮ್ಮ ಫರ್ಮ್. ಇದನ್ನು ಯಾರೂ ನಿಮಗೆ ಹೇಳಿಲ್ಲ ಅನ್ನುವುದು ನನಗೆ ಆತಂಕದ ವಿಷಯ. ಪಾಲುದಾರಿಕೆ ಅಂದಿರಿ. ಫರ್ಮ್ ರಿಜಿಸ್ಟ್ರಾರ್ ಬಳಿ ನೋಂದಣಿ ಆಗಿದೆಯಾ? ಜಿಎಸ್‌ಟಿ ಬೇರೆ, ಉದ್ಯಮ್ ಬೇರೆ, ಇದು ಬೇರೆ. ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 69ರ ಪ್ರಕಾರ ನೋಂದಣಿ ಇಲ್ಲದ ಫರ್ಮ್ ಒಪ್ಪಂದದಿಂದ ಬಂದ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹಾಕುವ ಹಾಗಿಲ್ಲ. ಒಪ್ಪಂದ ಕಾಯ್ದೆಯ ಕಣ್ಣಲ್ಲಿ ನಿಮ್ಮ ಒಪ್ಪಂದ ಚೊಕ್ಕವಾಗಿದೆ. ಬಾಕಿ ನಿಜ. ಆದರೂ ಕೋರ್ಟಿನ ಬಾಗಿಲಲ್ಲಿ ನಿಲ್ಲಿಸುತ್ತಾರೆ. ದಾವೆ ಹಾಕಿದ ಮೇಲೆ ನೋಂದಣಿ ಮಾಡಿಸಿದರೆ ಆ ದಾವೆ ಉಳಿಯುವುದಿಲ್ಲ, ಹೊಸದಾಗಿ ಹಾಕಬೇಕು, ಅಷ್ಟರಲ್ಲಿ ಕಾಲಮಿತಿ ಮುಗಿದಿರಬಹುದು. ಹಾಗಾಗಿ ಮೊದಲು ನೋಂದಣಿ, ರಿಜಿಸ್ಟರಿನಲ್ಲಿ ನಿಮ್ಮಿಬ್ಬರ ಹೆಸರು ಪಾಲುದಾರರಾಗಿ ಇದೆಯಾ ಅಂತ ಖಾತ್ರಿ, ಆಮೇಲೆ ದಾವೆ.

ಯಾವ ಕೋರ್ಟು? 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂದಾಗ ಭಾರತಕ್ಕೂ ಬೇರೆ ವಾಣಿಜ್ಯ ಕಾನೂನು ಬಂತು ಅಂತ ಬಹಳ ಜನ ಅಂದುಕೊಂಡರು. ಈಗಲೂ ಕಕ್ಷಿದಾರರು ಮಾತ್ರವಲ್ಲ, ಕೆಲವು ವಕೀಲರೂ ಹಾಗೇ ಮಾತಾಡುತ್ತಾರೆ. ಅದು ಬದಲಿಸಿದ್ದು ಕೇಸು ನಡೆಯುವ ಜಾಗ ಮತ್ತು ರೀತಿಯನ್ನು. ಒಪ್ಪಂದ ಆಯಿತೇ, ಮುರಿಯಿತೇ, ಬೆಲೆ ಕೊಡಬೇಕೇ ಅನ್ನುವುದನ್ನು ಆ ಕೋರ್ಟೂ 1872 ಮತ್ತು 1930ರ ಕಾಯ್ದೆಗಳಿಂದಲೇ ತೀರ್ಮಾನಿಸುತ್ತದೆ. ಮೊದಲು 1 ಕೋಟಿ ರೂಪಾಯಿ ಮತ್ತು ಅದಕ್ಕಿಂತ ಜಾಸ್ತಿ ಮೊತ್ತದ ಕೇಸು ಮಾತ್ರ ಅಲ್ಲಿಗೆ ಹೋಗುತ್ತಿತ್ತು. 2018ರ ತಿದ್ದುಪಡಿ ಅದನ್ನು 3 ಲಕ್ಷಕ್ಕೆ ಇಳಿಸಿತು. ಸರಕು ಮಾರಾಟದ ಒಪ್ಪಂದ ವಾಣಿಜ್ಯ ವಿವಾದಗಳ ಪಟ್ಟಿಯಲ್ಲಿ ಹೆಸರಿಟ್ಟೇ ಇದೆ. ದಾವೆ ಹಾಕುವ ದಿನದವರೆಗಿನ ಬಡ್ಡಿಯನ್ನೂ ಸೇರಿಸಿ ಮೊತ್ತ ಲೆಕ್ಕ ಹಾಕುತ್ತಾರೆ. ನಿಮ್ಮದು 6.6 ಲಕ್ಷ, ಆದ್ದರಿಂದ ವಾಣಿಜ್ಯ ನ್ಯಾಯಾಲಯ. ನಿಮ್ಮ ಪಕ್ಕದ ಘಟಕದವರಿಗೆ ಇದೇ ಗಿರಾಕಿಯಿಂದ, ಇದೇ ಪೆಟ್ಟಿಗೆಗೆ, ಬಡ್ಡಿಯೂ ಸೇರಿ 2.5 ಲಕ್ಷ ಬರಬೇಕಿದೆ ಅಂತಿಟ್ಟುಕೊಳ್ಳಿ. ಅವರು ಮಾಮೂಲಿ ಸಿವಿಲ್ ಕೋರ್ಟಿಗೆ ಹೋಗಬೇಕು. ಇಬ್ಬರಿಗೂ ಅನ್ವಯಿಸುವ ಮಾರಾಟದ ಕಾನೂನಿನಲ್ಲಿ ಒಂದಕ್ಷರ ವ್ಯತ್ಯಾಸ ಇಲ್ಲ.

ರೀತಿಯಲ್ಲಿ ಮಾತ್ರ ಬಹಳ ವ್ಯತ್ಯಾಸ. ವಾಣಿಜ್ಯ ನ್ಯಾಯಾಲಯದಲ್ಲಿ ಪ್ರತಿವಾದಿ 120 ದಿನದೊಳಗೆ ಲಿಖಿತ ಹೇಳಿಕೆ ಹಾಕದಿದ್ದರೆ ಆ ಹಕ್ಕೇ ಹೋಗುತ್ತದೆ, ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿದೆ. ಮಾಮೂಲಿ ಸಿವಿಲ್ ದಾವೆಯಲ್ಲಿ ಇಷ್ಟು ಬಿಗಿ ಇಲ್ಲ. ಈ ಬಿಗಿ ನಿಮಗೂ ಇದೆ. ನಿಮ್ಮ ಬಳಿ ಇರುವ ಎಲ್ಲ ಕಾಗದವನ್ನೂ ದಾವೆಯ ಜೊತೆಗೇ ಹಾಕಬೇಕು. ‘ಆ ಚಲನ್ ಆಮೇಲೆ ಹುಡುಕಿ ಕೊಡ್ತೀನಿ ಸಾರ್’ ಅನ್ನುವುದು ಅಲ್ಲಿ ನಡೆಯುವುದಿಲ್ಲ. ಇನ್ನೊಂದು, ತುರ್ತು ತಡೆಯಾಜ್ಞೆಯಂಥದ್ದು ಬೇಡದ ದಾವೆಗೆ ಮೊದಲು ಮೀಡಿಯೇಷನ್‌ಗೆ ಹೋಗಲೇಬೇಕು. ಇದು ಸೆಕ್ಷನ್ 12ಎ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಮೂರು ತಿಂಗಳ ಅವಧಿ, ಇಬ್ಬರೂ ಒಪ್ಪಿದರೆ ಇನ್ನೆರಡು ತಿಂಗಳು. ಆ ಕಾಲವನ್ನು ಕಾಲಮಿತಿಯಿಂದ ಬಿಟ್ಟು ಲೆಕ್ಕ ಹಾಕುತ್ತಾರೆ. ಇದನ್ನು ಬಿಟ್ಟು ನೇರ ಹೋದರೆ ದಾವೆ ತಿರಸ್ಕೃತವಾಗುತ್ತದೆ ಅಂತ ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ.

ಹಾಗಾದರೆ ಆಡಿಟರ್ ಹೇಳಿದ ಕೌನ್ಸಿಲ್, ಅಂದರೆ ಕಿರು ಮತ್ತು ಸಣ್ಣ ಘಟಕಗಳಿಗೆ ಬರಬೇಕಾದ ಬಾಕಿಯ ತಕರಾರು ಕೇಳುವ ಸರ್ಕಾರಿ ಮಂಡಳಿ? 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಒಪ್ಪಂದದ ಒಳಗೇ ಕೈ ಹಾಕುವ ಕಾಯ್ದೆ. ಉಳಿದ ವಾಣಿಜ್ಯ ಕಾಯ್ದೆಗಳು ಸಾಮಾನ್ಯವಾಗಿ ‘ನೀವಿಬ್ಬರು ಬೇರೆ ಏನೂ ಮಾತಾಡಿಕೊಂಡಿಲ್ಲದಿದ್ದರೆ ಹೀಗೆ’ ಅನ್ನುತ್ತವೆ. ಸರಕು ಮಾರಾಟ ಕಾಯ್ದೆಯ ಸೆಕ್ಷನ್ 62 ಅಂತೂ ಕರಾರು, ಇಬ್ಬರ ನಡುವಿನ ಹಿಂದಿನ ವ್ಯವಹಾರ, ಇಬ್ಬರಿಗೂ ಅಂಟುವ ವ್ಯಾಪಾರದ ರೂಢಿ ಇವುಗಳಿಂದ ಕಾಯ್ದೆಯ ಹಕ್ಕುಗಳನ್ನು ಬದಲಿಸಿಕೊಳ್ಳಿ ಅಂತ ಬಿಟ್ಟುಕೊಡುತ್ತದೆ. 2006ರ ಕಾಯ್ದೆ ಹಾಗಲ್ಲ. ಕಿರು ಮತ್ತು ಸಣ್ಣ ಘಟಕದಿಂದ ಕೊಂಡವರು ಒಪ್ಪಿದ ದಿನಾಂಕಕ್ಕೆ ಹಣ ಕೊಡಬೇಕು, ಆ ಒಪ್ಪಿಗೆಯೂ 45 ದಿನ ದಾಟುವ ಹಾಗಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳು ಸೇರುವ ಚಕ್ರಬಡ್ಡಿ. ಬ್ಯಾಂಕ್ ದರ ಶೇ 6 ಇದ್ದರೆ ಶೇ 18 ಆಯಿತು. ಕರಾರಿನಲ್ಲಿ ‘ಬಡ್ಡಿ ಇಲ್ಲ’ ಅಂತ ಬರೆಸಿಕೊಂಡಿದ್ದರೂ ಅದು ನಿಲ್ಲುವುದಿಲ್ಲ. ಅವರ ತೇವದ ತಕರಾರಿಗೂ ಇಲ್ಲಿ ಗಟ್ಟಿ ಉತ್ತರ ಇದೆ. ಸರಕು ಮಾರಾಟ ಕಾಯ್ದೆ ‘ನ್ಯಾಯವಾದ ಅವಧಿ’ ಅಂತ ಸಡಿಲ ಬಿಟ್ಟದ್ದನ್ನು ಈ ಕಾಯ್ದೆ ದಿನದಲ್ಲಿ ಹೇಳಿದೆ: ಮಾಲು ಮುಟ್ಟಿದ 15 ದಿನದೊಳಗೆ ಲಿಖಿತ ಆಕ್ಷೇಪ ಬರದಿದ್ದರೆ, ಮುಟ್ಟಿದ ದಿನವೇ ಒಪ್ಪಿಕೊಂಡಂತೆ ಲೆಕ್ಕ. ಹಣ ಕೊಡುವ ಗಡುವು ಅಲ್ಲಿಂದ ಓಡುತ್ತದೆ.

ನನ್ನ ಸಲಹೆ ಕೇಳಿದರೆ ಪೆಟ್ಟಿಗೆಯ ಬಾಕಿಗೆ ಕೌನ್ಸಿಲ್ ದಾರಿಯೇ ಒಳ್ಳೆಯದು. ನೀವು ತಯಾರಕರು, ಉದ್ಯಮ್ ನೋಂದಣಿ ಇದೆ. ಕೊಂಡವರು ಎಲ್ಲೇ ಇರಲಿ, ನಿಮ್ಮ ಘಟಕ ಇರುವ ಜಾಗದ ಕೌನ್ಸಿಲ್‌ಗೆ ಅಧಿಕಾರ ಇದೆ. ಅಲ್ಲಿ ಮೊದಲು ಸಂಧಾನ, ಆಗದಿದ್ದರೆ ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಹೊರಗೆ ಪಂಚರ ತೀರ್ಪು. ನಿಮ್ಮ ಪರ ಆದೇಶ ಆದ ಮೇಲೆ ಅದನ್ನು ಪ್ರಶ್ನಿಸಬೇಕೆಂದರೆ ಅವರು ಶೇ 75 ಹಣವನ್ನು ಮೊದಲು ಕಟ್ಟಬೇಕು. ಸುಮ್ನೆ ಎಳೆದಾಡುವವರಿಗೆ ಇದು ದೊಡ್ಡ ಅಡ್ಡಗಾಲು. ಎರಡು ಎಚ್ಚರಿಕೆ ಮಾತ್ರ. ನಿಮ್ಮ ಉದ್ಯಮ್ ನೋಂದಣಿಯ ದಿನಾಂಕ ಈ ಆರ್ಡರ್‌ಗಳಿಗಿಂತ ಮೊದಲಿನದಾ ನೋಡಿ, ನಂತರದ್ದಾದರೆ ಎದುರಿನವರು ಅದನ್ನೇ ಹಿಡಿದು ವಾದಿಸುತ್ತಾರೆ. ಮತ್ತೆ, 90 ದಿನದಲ್ಲಿ ಮುಗಿಸಬೇಕು ಅಂತ ಕಾಯ್ದೆ ಹೇಳುತ್ತದಾದರೂ ಅದನ್ನೇ ನಂಬಿಕೊಂಡು ಯಾರಿಗೂ ಹಣ ಕೊಡುವ ಮಾತು ಕೊಡಬೇಡಿ. ಒಂದೇ ಬಾಕಿಗೆ ಕೌನ್ಸಿಲ್‌ನಲ್ಲೂ ಕೋರ್ಟಿನಲ್ಲೂ ಕೂರುವ ಹಾಗಿಲ್ಲ, ಒಂದನ್ನು ಆರಿಸಿಕೊಳ್ಳಿ.

ಕೈಗಡ ಪೂರ್ತಿ ಬೇರೆ. ಅದೇ ಇಬ್ಬರು ಮನುಷ್ಯರು, ಅದೂ ಒಪ್ಪಂದವೇ, ಅದೇ 1872ರ ಕಾಯ್ದೆ. ಆದರೂ ವಾಣಿಜ್ಯ ವಿವಾದ ಅಲ್ಲ. ಕಾಯ್ದೆಯ ಪಟ್ಟಿಯಲ್ಲಿ ವ್ಯಾಪಾರಿಗಳ, ಬ್ಯಾಂಕರ್‌ಗಳ, ಫೈನಾನ್ಸಿಯರ್‌ಗಳ ಮಾಮೂಲಿ ವ್ಯವಹಾರ ಅಂತ ಇದೆ. ಸ್ನೇಹಕ್ಕೆ, ಮದುವೆ ಖರ್ಚಿಗೆ ಕೊಟ್ಟ ಸಾಲ ಅದರೊಳಗೆ ಬರುವುದಿಲ್ಲ. ನೀವಿಬ್ಬರೂ ವ್ಯಾಪಾರಿಗಳು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ, ಆ ವ್ಯವಹಾರ ವ್ಯಾಪಾರದ್ದೇ ಅನ್ನುವುದು ಮುಖ್ಯ. ಜರ್ಮನಿಯಲ್ಲಿ ಕಾನೂನು ಮನುಷ್ಯ ಯಾರು ಅಂತ ಮೊದಲು ಕೇಳಿದರೆ ನಮ್ಮಲ್ಲಿ ವ್ಯವಹಾರ ಯಾವುದು ಅಂತ ಕೇಳುತ್ತದೆ. ಚೆಕ್ ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ. ಚೆಕ್, ಹುಂಡಿ, ಪ್ರಾಮಿಸರಿ ನೋಟಿನ ಕಾನೂನು ಹುಟ್ಟಿದ್ದು ವ್ಯಾಪಾರಿಗಳ ನಡುವೆ. ಇವತ್ತು ಒಬ್ಬ ರೈತರೋ ಮೇಷ್ಟ್ರೋ ಚೆಕ್ಕಿಗೆ ಸಹಿ ಹಾಕಿದರೂ ಅದೇ ಕಾನೂನು. ಪ್ರತಿಫಲ ಇತ್ತು ಅಂತ ಕೋರ್ಟ್ ಮೊದಲೇ ಭಾವಿಸುತ್ತದೆ, ಇಲ್ಲ ಅಂತ ತೋರಿಸುವ ಹೊರೆ ಸಹಿ ಹಾಕಿದವರ ಮೇಲೆ. ಈ ಭಾವನೆಯಲ್ಲಿ ‘ವಸೂಲಿ ಮಾಡಬಹುದಾದ ಸಾಲ ಇತ್ತು’ ಅನ್ನುವುದೂ ಸೇರಿದೆ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಮಾನಿಸಿದ್ದು ಕರ್ನಾಟಕದಿಂದ ಹೋದ ಪ್ರಕರಣದಲ್ಲೇ. ನಿಮ್ಮ ಕೈಗಡಕ್ಕೆ ಚೆಕ್ ಇಲ್ಲ, ಹಾಗಾಗಿ ಅದು ಸಾಲವೇ, ಉಡುಗೊರೆ ಅಲ್ಲ ಅಂತ ನೀವೇ ಸಾಬೀತು ಮಾಡಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ಹಣ ಹೋದದ್ದನ್ನು ತೋರಿಸುತ್ತದೆ, ಯಾಕೆ ಹೋಯಿತು ಅಂತ ಹೇಳುವುದಿಲ್ಲ. ‘ಮುಂದಿನ ತಿಂಗಳು ವಾಪಸ್ ಕೊಡ್ತೀನಿ’ ಅನ್ನುವಂಥ ಒಂದು ಮೆಸೇಜ್ ಇದ್ದರೂ ಬಹಳ ಉಪಯೋಗ. ಕೈಗಡಕ್ಕೆ ನಿಮ್ಮ ಸ್ವಂತ ಹೆಸರಿನಲ್ಲಿ ಮಾಮೂಲಿ ಸಿವಿಲ್ ದಾವೆ ಹಾಕಿ. ಫರ್ಮಿನ ಬಾಕಿಯ ಜೊತೆ ಸೇರಿಸಬೇಡಿ.

ಬಡ್ಡಿಯಲ್ಲೂ ಈ ಎರಡು ಸಾಲ ಬೇರೆಯಾಗುತ್ತವೆ, ಅದನ್ನು ಮಾಡುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯೇ. ಅದರ ಸೆಕ್ಷನ್ 34 ಡಿಕ್ರಿಯ ನಂತರದ ಬಡ್ಡಿಗೆ ಶೇ 6ರ ಮಿತಿ ಹಾಕಿದೆ. ಆದರೆ ಸಾಲ ವಾಣಿಜ್ಯ ವ್ಯವಹಾರದ್ದಾದರೆ ಕರಾರಿನ ದರದವರೆಗೆ, ಕರಾರಿಲ್ಲದಿದ್ದರೆ ರಾಷ್ಟ್ರೀಕೃತ ಬ್ಯಾಂಕುಗಳು ವ್ಯಾಪಾರಕ್ಕೆ ಸಾಲ ಕೊಡುವ ದರದವರೆಗೆ ಕೊಡಬಹುದು. ಯಾವುದು ವಾಣಿಜ್ಯ ವ್ಯವಹಾರ? ಹಣ ಕೊಡಬೇಕಾದವನ ಉದ್ಯಮ, ವ್ಯಾಪಾರಕ್ಕೆ ಸಂಬಂಧಿಸಿದ್ದು. ಬೀಜ ತುಂಬುವ ಪೆಟ್ಟಿಗೆ ಅದರಲ್ಲಿ ಬರುತ್ತದೆ, ಮಗಳ ಮದುವೆ ಬರುವುದಿಲ್ಲ. ಇನ್ನು ಬಿಲ್ಲಿನ ಕೆಳಗೆ ಅಚ್ಚಾದ ಶೇ 24ರ ಮೇಲೆ ಪೂರ್ತಿ ಭರವಸೆ ಇಡಬೇಡಿ. ಆರ್ಡರ್ ಒಪ್ಪಿದ ಮೇಲೆ ಬಿಲ್ಲು ಹೋಗಿದೆ, ಒಪ್ಪಂದ ಆಗುವಾಗ ಆ ಷರತ್ತು ಇರಲಿಲ್ಲ ಅಂತ ಅವರು ವಾದಿಸಬಹುದು. ಕೋರ್ಟುಗಳು ಎರಡೂ ರೀತಿ ತೀರ್ಪು ಕೊಟ್ಟಿವೆ. ಹಿಂದಿನ ಬಿಲ್ಲುಗಳನ್ನು ಸಹಿ ಮಾಡಿ ತಕರಾರಿಲ್ಲದೆ ತಗೊಂಡು ಹಣ ಕೊಟ್ಟಿದ್ದರೆ ನಿಮ್ಮ ಪಕ್ಷ ಗಟ್ಟಿ. ಹೇಗೂ ಬಡ್ಡಿ ಕೇಳಿ ಲಿಖಿತ ನೋಟಿಸ್ ಈಗಲೇ ಕೊಡಿ. ಕರಾರು ನಿಲ್ಲದಿದ್ದರೂ 1978ರ ಬಡ್ಡಿ ಕಾಯ್ದೆಯಡಿ ನೋಟಿಸ್ ದಿನದಿಂದ ಬಡ್ಡಿ ಕೇಳಬಹುದು.

ಕಾಲಮಿತಿಯನ್ನು ಮರೆಯಬೇಡಿ. 1963ರ ಕಾಲಮಿತಿ ಕಾಯ್ದೆಯಲ್ಲಿ ಉದ್ರಿ ಅವಧಿ ನಿಗದಿಯಾದ ಮಾರಾಟಕ್ಕೆ ಆ ಅವಧಿ ಮುಗಿದ ದಿನದಿಂದ ಮೂರು ವರ್ಷ, ನಿಗದಿಯಾಗದಿದ್ದರೆ ಮಾಲು ಕೊಟ್ಟ ದಿನದಿಂದಲೇ ಮೂರು ವರ್ಷ. ಕೊನೆಯ ಲೋಡಿನ ದಿನಾಂಕ ಹಿಡಿದು ಎಲ್ಲಕ್ಕೂ ಲೆಕ್ಕ ಹಾಕಬೇಡಿ, ಒಂದೊಂದು ಬಿಲ್ಲಿನ ಲೆಕ್ಕ ಬೇರೆ. 30 ದಿನದ ಉದ್ರಿಯೂ ಬಿಲ್ಲಿನ ಅಚ್ಚಿನಲ್ಲೇ ಇರುವುದರಿಂದ ಮಾಲು ಕೊಟ್ಟ ದಿನದಿಂದ ಎಣಿಸುವುದೇ ಕ್ಷೇಮ. ಕೈಗಡಕ್ಕೆ ಕೊಟ್ಟ ದಿನದಿಂದಲೇ ಮೂರು ವರ್ಷ ಅಂತ ಹಿಡಿದುಕೊಳ್ಳಿ. ಅವಧಿ ಮುಗಿಯುವ ಮೊದಲು ‘ಇಷ್ಟು ಬಾಕಿ ಇದೆ’ ಅಂತ ಸಹಿ ಮಾಡಿದ ಬ್ಯಾಲೆನ್ಸ್ ಕನ್ಫರ್ಮೇಶನ್ ಸಿಕ್ಕರೆ ಆ ದಿನದಿಂದ ಹೊಸ ಮೂರು ವರ್ಷ ಸಿಗುತ್ತದೆ.

ಮುಂದಿನ ಗಿರಾಕಿಗೆ ಇಪ್ಪತ್ತು ಪುಟದ ಕರಾರು ಬೇಕಿಲ್ಲ. ಆರ್ಡರ್ ಒಪ್ಪುವ ವಾಟ್ಸಾಪ್ ಮೆಸೇಜಿನಲ್ಲೇ ದರ, ಉದ್ರಿ ದಿನ, ಬಡ್ಡಿ, ಮಾಲಿನ ತಕರಾರನ್ನು ಎಷ್ಟು ದಿನದೊಳಗೆ ಬರೆದು ತಿಳಿಸಬೇಕು ಅನ್ನುವುದು, ನಿಮ್ಮ ಉದ್ಯಮ್ ಸಂಖ್ಯೆ ಇಷ್ಟು ಹಾಕಿ ‘ಒಪ್ಪಿಗೆ’ ಅನ್ನುವ ಉತ್ತರ ಬಂದ ಮೇಲೆ ಲೋಡ್ ಕಳಿಸಿ. ಚಲನ್ ಮೇಲೆ ‘ಮಾಲು ನೋಡಿ, ಎಣಿಸಿ ತೆಗೆದುಕೊಂಡಿದ್ದೇವೆ’ ಅಂತ ಒಂದು ಸಾಲು ಅಚ್ಚು ಹಾಕಿಸಿ, ಅದರ ಕೆಳಗೆ ಹೆಸರು, ಸಹಿ, ಸೀಲಿಗೆ ಜಾಗ ಬಿಡಿ.